ಜೋಪಾನದ ಕಪಾಟು

ಸೆಮಾರಾಂಗ್ ನಗರದ ಒಂದು ಸಂಸ್ಥೆಯಲ್ಲಿ ಮಾನವ ಹಕ್ಕುಗಳ ಬಗ್ಗೆ ಜಾಗೃತಿ ಮೂಡಿಸುವ ವಿಡಿಯೊ ಗೇಮ್‌ಗಳನ್ನು ತಯಾರಿಸಲಾಗುತ್ತದೆ. ತಯಾರಿಸುವವರ ಪದವಿ ಸರ್ಟಿಫಿಕೇಟುಗಳನ್ನು ನಿರ್ದೇಶಕರ ಕೋಣೆಯ ಹಸಿರು ಕಪಾಟಿನಲ್ಲಿ ಇಡಲಾಗುತ್ತದೆ. ಕೆಲಸ ಬಿಟ್ಟು ಓಡಬಾರದಲ್ಲ, ಅದಕ್ಕೆ. ಎಷ್ಟೋ ಕಡೆ ಹಾಗೇ ನಡೆಯುತ್ತದೆ, ಹುಬ್ಬೇರಿಸುವಂಥದ್ದೇನೂ ಇಲ್ಲ.

ಈ ವರ್ಷದ ಗೇಮು, ಮಾಲೀಕ ಕಸಿದಿಟ್ಟ ದಾಖಲೆಗಳನ್ನು ಕೆಲಸದಾಕೆ ಬಿಡಿಸಿಕೊಳ್ಳುವ ಕಥೆ. ವಿನ್ಯಾಸ ವೆನಿಂಗ್‌ಳದು. ಮಾಲೀಕನ ಕಪಾಟು ಹೇಗಿರಬೇಕೆಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ, ಕಂಡದ್ದನ್ನೇ ಬಿಡಿಸಿದಳು. ಹಸಿರು ಬಣ್ಣ, ಸೊಟ್ಟ ಹಿಡಿಕೆ, ಕೀಲಿ ಹೂಕುಂಡದ ಕೆಳಗೆ.

ಅಷ್ಟರಲ್ಲಿ ಅವಳ ಹುಟ್ಟೂರಿನ ಶಾಲೆಯಲ್ಲಿ ಟೀಚರ್ ಕೆಲಸ ಖಾಲಿಯಾಯಿತು. ಶುಕ್ರವಾರದೊಳಗೆ ಒರಿಜಿನಲ್ ಸರ್ಟಿಫಿಕೇಟು ತೋರಿಸಬೇಕು.

"ಬಪಾಕ್, ನನ್ನ ಸರ್ಟಿಫಿಕೇಟು ಒಂದೇ ಒಂದು ದಿನಕ್ಕೆ ಬೇಕಿತ್ತು," ಎಂದಳು ವೆನಿಂಗ್. ದೊಡ್ಡವರನ್ನು ಅಲ್ಲಿ 'ಬಪಾಕ್' ಅಂತಲೇ ಕರೆಯಬೇಕು.

ನಿರ್ದೇಶಕ ಸುರ್ಯಾದಿ ಸೋಯಾಕಾಳಿನ ಕರಿದ ತೆಂಪೆ ಬಿಲ್ಲೆ ಮುರಿಯುತ್ತ ನೊಂದುಕೊಂಡರು. "ಕಿತ್ಕೊಂಡಿದೀವಿ ಅಂದ್ಕೊಂಡ್ಯೇನಮ್ಮಾ? ಗೇಮಲ್ಲಿರೋನು ದುಷ್ಟ, ಕಿತ್ಕೊಂಡ. ನಾವು ಜೋಪಾನ ಮಾಡ್ತಿದೀವಿ. ವ್ಯತ್ಯಾಸ ಗೊತ್ತಾಗಲ್ವಾ?"

"ಗೊತ್ತಾಗತ್ತೆ ಬಪಾಕ್."

ಅಯ್ಯೋ, ಹಕ್ಕುಗಳ ಬಗ್ಗೆ ಹನ್ನೆರಡು ಹಂತ ಕಟ್ಟಿದ ಹೆಂಗಸು! ಗೇಮಿನಲ್ಲಿ ಈ ಉತ್ತರ ಕೊಟ್ಟವರ ಒಂದು ಜೀವ ಕಳೆಯಬೇಕೆಂದು ನಿಯಮ ಇಟ್ಟವಳೂ ಅವಳೇ.

ಗುರುವಾರ ನಿರ್ದೇಶಕರು ಊಟಕ್ಕೆ ಹೋದಾಗ ವೆನಿಂಗ್ ಹೂಕುಂಡ ಎತ್ತಿದಳು. ಕೆಳಗೆ ಒಂದು ಎರೆಹುಳ ಮಾತ್ರ ಇತ್ತು. ಬೆಳಿಗ್ಗೆಯೇ ನಿರ್ದೇಶಕರು ಗೇಮನ್ನು ಕೊನೆಯ ಹಂತದವರೆಗೂ ಆಡಿ ಮುಗಿಸಿದ್ದರು. ಮಧ್ಯಾಹ್ನ ಗೋಡೆಯ ಮೇಲೆ ಸೂಚನೆ ಬಂತು: "ವಾಸ್ತವಿಕತೆಯ ಹಿತದೃಷ್ಟಿಯಿಂದ ಕೊನೆಯ ಹಂತದ ಕೀಲಿಯನ್ನು ತೆಗೆದುಹಾಕತಕ್ಕದ್ದು."

ಶುಕ್ರವಾರ ಕಳೆಯಿತು. ಶಾಲೆಯ ಕೆಲಸ ಬೇರೆಯವರ ಪಾಲಾಯಿತು. ವೆನಿಂಗ್ ಬಚ್ಚಲಲ್ಲಿ ಅತ್ತು, ಮುಖ ತೊಳೆದು ಬಂದು, ಆದೇಶದಂತೆ ಕೀಲಿಯನ್ನು ಅಳಿಸಿದಳು.

ಈಗ ಆ ಗೇಮನ್ನು ಯಾರೂ ಗೆಲ್ಲುವಂತಿರಲಿಲ್ಲ. "ಇಷ್ಟು ನಿಜವಾದದ್ದನ್ನು ನಾವು ಕಂಡೇ ಇಲ್ಲ," ಎಂದು ಆ ವರ್ಷದ ಗೇಮ್ ಸ್ಪರ್ಧೆಯ ತೀರ್ಪುಗಾರರು ಕಣ್ಣೊರೆಸಿಕೊಂಡು ಮೊದಲ ಬಹುಮಾನ ಕೊಟ್ಟರು. ವೆನಿಂಗ್‌ಳ ಹೆಸರಿಗೆ 'ಹಕ್ಕುಗಳ ರಕ್ಷಕಿ' ಎಂಬ ಪ್ರಶಸ್ತಿಪತ್ರವೂ ಬಂತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಫೀಸಿಗೆ ಮರಳಿದ ಮೇಲೆ ನಿರ್ದೇಶಕರು ಪ್ರಶಸ್ತಿಪತ್ರಕ್ಕೆ ಕೈ ಚಾಚಿದರು.

"ಒರಿಜಿನಲ್ ತಾನೇ?"

"ಹೌದು ಬಪಾಕ್."

ಜೇಬಿನಿಂದ ಕೀಲಿ ತೆಗೆದು ಕಪಾಟು ತೆರೆದರು. ಮೂರು ವರ್ಷದ ಮೇಲೆ ವೆನಿಂಗ್ ತನ್ನ ಸರ್ಟಿಫಿಕೇಟನ್ನು ಕಂಡಳು. ಅದರ ಮೇಲೆ ಪ್ರಶಸ್ತಿಪತ್ರವನ್ನು ಅಂಚು ಮಡಚದ ಹಾಗೆ ತಾನೇ ಇಟ್ಟು, ರಿಜಿಸ್ಟರಿಗೆ ಸಹಿ ಹಾಕಿದಳು.

"ಒಳ್ಳೇದಾಯ್ತು ಬಪಾಕ್," ಅಂದಳು. "ಮನೇಲಿಟ್ಟಿದ್ರೆ ಗೆದ್ದಲು ತಿಂತಿತ್ತು."