ಶ್ರೀಮತಿ ಜೆಲಿಂದಾ ಅವರ ಓಟದ ಕಥೆಯನ್ನು ಕೊನೆಯವರೆಗೆ ಕೇಳುವ ಬಗ್ಗೆ

ಭಾನುವಾರದ ಓಟಗಳು ಹಾಗೂ ಸೋಮವಾರದ ವರ್ಣನೆಗಳ ನಿಯಂತ್ರಣ ಇಲಾಖೆ
ಮೊಂತೆಸ್ಪೀನೊ ಪುರಸಭೆ

ಕ್ರಮಾಂಕ: ಭಾಓಸೋವ/ಹಿರಿಯರು/ಹಂದಿತೊಡೆ/2

ಸುತ್ತೋಲೆ

ವಿಷಯ: ಶ್ರೀಮತಿ ಜೆಲಿಂದಾ ಕವಾನಿ ಅವರು ಓಟದ ಅನುಭವ ಹೇಳುವಾಗ ನಡುವೆ ಬಾಯಿ ಹಾಕದಿರುವ ಕುರಿತು.

ಉಲ್ಲೇಖ: 1. ಸದರಿಯವರ ಮೌಖಿಕ ದೂರು (ಮೇಜು ಗುದ್ದಿದ್ದು ಸೇರಿದಂತೆ).
2. ಕಾಫಿ ಅಂಗಡಿಯ ಮಾಲೀಕರಾದ ಶ್ರೀಮತಿ ವಾಂದಾ ಅವರ ಮನವಿ (ಗುದ್ದಿಗೆ ಒಡೆದ ಬಟ್ಟಲಿನ ಬಗ್ಗೆ).

ಈ ಕಾಗದದ ಮೇಲೆ ದೃಷ್ಟಿ ಹಾಯಿಸುವ ಕೃಪೆ ಮಾಡಿದ ಮಾನ್ಯ ವಾಚಕ ಮಹಾಶಯರ ಸನ್ನಿಧಿಗೆ ಇಲಾಖೆಯು ಅತ್ಯಂತ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದನ್ನು ಎದೆಗುಂದದೆ ಕೊನೆಯ ಸಾಲಿನವರೆಗೆ ಓದತಕ್ಕದ್ದು. ನಡುವೆ ಕಾಫಿಗೆಂದು ಏಳುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

ಪ್ರಸ್ತಾವನೆ

ಅರವತ್ತು ದಾಟಿದ ಓಟಗಾರರು ಶಿಳ್ಳೆ ಊದುವ ಮೊದಲೇ ಓಡಲು ಆರಂಭಿಸುವುದು ಈ ಸೀಮೆಯಲ್ಲಿ ರೂಢಿಯಾಗಿದ್ದು, ಮನೆಯಲ್ಲಿ ಮಧ್ಯಾಹ್ನದ ಊಟ ಆರಿಹೋಗಬಾರದೆಂಬ ಕಾರಣವನ್ನು ಇಲಾಖೆಯು ಬಹುಕಾಲದಿಂದ ಮನ್ನಿಸುತ್ತ ಬಂದಿದೆ. ಒಬ್ಬರಿಗಿಂತ ಒಬ್ಬರು ಮುಂಚೆ ಹೊರಡುತ್ತ ಹೋಗಿ, ಕಳೆದ ಗುಡ್ಡದ ಓಟದಂದು ದಾರಿ ತೋರುವ ಬಾಣಗಳನ್ನು ನೆಡುವ ಮುನ್ನವೇ ಹಿರಿಯರ ತಂಡ ಹೊರಟುಹೋಯಿತು. ಹಿಂದಿನ ವಾರ ಪಕ್ಕದ ಊರಿನವರು ತಮ್ಮ ಓಟಕ್ಕೆಂದು ನೆಟ್ಟು, ಕೀಳಲು ಮರೆತಿದ್ದ ಬಾಣಗಳು ದಾರಿಯಲ್ಲಿ ಇನ್ನೂ ಇದ್ದವು. ಅವನ್ನೇ ಶ್ರದ್ಧೆಯಿಂದ ಹಿಂಬಾಲಿಸಿದ ತಂಡವು, ನಿವೃತ್ತ ಬಸ್ ಚಾಲಕರಾದ ಶ್ರೀ ನೇರಿಯೊ ಬೊರ್ಸಾರಿ ಅವರ ಮುಂದಾಳತ್ವದಲ್ಲಿ, ಬೆಳಗೆಲ್ಲ ಅಲೆದು, ಪರಿಚಯವೇ ಇಲ್ಲದ ಮನೆಯೊಂದರ ಅಂಗಳದಲ್ಲಿ ಮಗುವಿನ ಜ್ಞಾನಸ್ನಾನದ ಔತಣಕ್ಕೆ ಬಂದು ಮುಟ್ಟಿತು. ತಾಯಿಯ ಕಡೆಯವರು ಇವರನ್ನು ತಂದೆಯ ಕಡೆಯವರೆಂದೂ, ತಂದೆಯ ಕಡೆಯವರು ತಾಯಿಯ ಕಡೆಯವರೆಂದೂ ಭಾವಿಸಿದ್ದರಿಂದ ಎಲ್ಲರಿಗೂ ಎರಡೆರಡು ಸಲ ಬಡಿಸಲಾಯಿತು.

ಶಿಳ್ಳೆಗಾಗಿ ಕಾದು ನಿಂತವರು ಶ್ರೀಮತಿ ಜೆಲಿಂದಾ ಒಬ್ಬರೇ. ಸದರಿಯವರು ನಿಜವಾದ ದಾರಿಯಲ್ಲಿ ಓಡಿ, ಎಪ್ಪತ್ತು ದಾಟಿದ ಮಹಿಳೆಯರ ವಿಭಾಗದಲ್ಲಿ ಮೊದಲಿಗರಾಗಿ, ಬಹುಮಾನವಾಗಿ ಬಂದ, ಉಪ್ಪು ಹಚ್ಚಿ ಒಣಗಿಸಿದ ಇಡೀ ಹಂದಿತೊಡೆಯನ್ನು ಹೆಗಲ ಮೇಲೆ ಹೊತ್ತು ಮನೆಗೆ ನಡೆದರು. ಬದುಕಿನಲ್ಲಿ ಅವರು ಏನನ್ನಾದರೂ ಗೆದ್ದದ್ದು ಅದೇ ಮೊದಲು.

ಮರುದಿನ, ವಾಂದಾ ಅವರ ಅಂಗಡಿಯ ಹಿಂಬದಿ ಮೇಜಿನಲ್ಲಿ ವಾಡಿಕೆಯಂತೆ ಎಲ್ಲರೂ ಸೇರಿದಾಗ, "ನಾನು ಚರ್ಚಿನ ದಿಬ್ಬ ಹತ್ತೋವಾಗ..." ಎಂದು ಅವರು ಬಾಯಿ ತೆರೆದರು.

"ದಿಬ್ಬ ಹಾಗಿರ್ಲಿ ಜೆಲಿಂದಕ್ಕ," ಎಂದು ನೇರಿಯೊ ನಡುವೆ ನುಗ್ಗಿದರು. "ಆ ಕೂಸು ನನ್ನ ಮಂಡಿ ಮೇಲೇ ಉಚ್ಚೆ ಹೊಯ್ತು! ವರ್ಷದಿಂದ ನೋಯ್ತಿದ್ದ ಮಂಡಿ, ಈಗ ಬೆಣ್ಣೆ ಹಂಗಿದೆ ನೋಡಿ!"

ಮೇಜು ನಗೆಯಲ್ಲಿ ಮುಳುಗಿತು. ಜೆಲಿಂದಾ ಮತ್ತೆ ಆರಂಭಿಸಿದರು. ಮತ್ತೆ ಔತಣದ ಸಾರು ಬಂತು, ಹುರಿದ ಮೊಲ ಬಂತು, ಮಗುವಿನ ಅಜ್ಜನ ಹಾಡು ಬಂತು.

"ಪಾಪ, ಅಕ್ಕ ಸರಿಯಾದ ದಾರೀಲೇ ಓಡ್ಬಿಟ್ರು," ಎಂದರು ನೇರಿಯೊ, ಕಣ್ಣೊರೆಸಿಕೊಳ್ಳುತ್ತ. "ಅದ್ರಲ್ಲಿ ಹೇಳೋಕೆ ಏನಿರುತ್ತೆ?"

ಬಟ್ಟಲು ಒಡೆದದ್ದು ಆಗಲೇ.

"ಗೆದ್ದೋಳು ನಾನು, ಕತೆ ನಿಮ್ದಾ? ಪೂರ್ತಿ ಕಿವಿ ಕೊಟ್ಟು ಕೇಳೋ ತನಕ ಆ ತೊಡೆಗೆ ಚಾಕು ಮುಟ್ಸಲ್ಲ. ಅಟ್ಟದಲ್ಲೇ ನೇತಾಡ್ಲಿ!"

ಹಂದಿತೊಡೆಯ ಮೇಲೆ ಇಡೀ ಮೇಜು ಆಸೆಯಿಟ್ಟು ಕುಳಿತಿದ್ದುದರಿಂದ ಸಾರ್ವಜನಿಕ ಶಾಂತಿಗೆ ಭಂಗ ಬರುವ ಸಂಭವವಿತ್ತು. ಆದುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಶ್ರೀಮತಿ ಜೆಲಿಂದಾ ಮಾತನಾಡುವಾಗ ಇತರರು ಕಾಫಿ ಕುಡಿಯುವುದು ಹಾಗೂ ಆಕಳಿಸುವುದನ್ನು ಹೊರತುಪಡಿಸಿ ಬಾಯಿ ತೆರೆಯತಕ್ಕದ್ದಲ್ಲ. ಆಕಳಿಕೆಯನ್ನು ಆಶ್ಚರ್ಯದಂತೆ ತೋರಿಸತಕ್ಕದ್ದು. "ನಂಗೂ ಹಿಂಗೇ ಆಗಿತ್ತು" ಎಂಬ ಮಾತನ್ನು ಅತಿಕ್ರಮ ಪ್ರವೇಶವೆಂದು ಪರಿಗಣಿಸಲಾಗುವುದು.

2. ಮಂಡಿ, ಹಿಮ್ಮಡಿ, ಸೊಂಟ ಇತ್ಯಾದಿಗಳ ನೋವನ್ನು ಮನೆಯಲ್ಲೇ ಹೇಳಿ ಮುಗಿಸಿ ಬರತಕ್ಕದ್ದು. ತಡೆಯಲಾಗದ ಸಂದರ್ಭದಲ್ಲಿ ಮಂಡಿಯನ್ನು ಬೆರಳಿನಿಂದ ತೋರಿಸಬಹುದು, ಹೆಸರಿಸುವಂತಿಲ್ಲ. ಪ್ಯಾಂಟನ್ನು ಮೇಲಕ್ಕೆ ಮಡಿಸಿ ತೋರಿಸಲು ಪೂರ್ವಾನುಮತಿ ಅಗತ್ಯ.

3. ದಿಬ್ಬದ ಏರನ್ನು ಕೈಸನ್ನೆಯಿಂದ ವಿವರಿಸುವಾಗ ಅಂಗೈಯನ್ನು ನೆಟ್ಟಗೆ ನಿಲ್ಲಿಸುವಂತಿಲ್ಲ. ಹಾಗೆ ನಿಲ್ಲಿಸಿದರೆ ಅದು ಗೋಡೆಯಾಗುತ್ತದೆ. ಗೋಡೆ ಹತ್ತುವವರ ವಿಚಾರಣೆಯು ಪೊಲೀಸರ ವ್ಯಾಪ್ತಿಗೆ ಬರುತ್ತದೆ.

4. ಶ್ರೀ ನೇರಿಯೊ ಅವರಿಗೆ ನಗು ತಡೆಯಲಾಗದಿದ್ದಲ್ಲಿ ಎದ್ದು ಹೊರಗೆ ಹೋಗಿ, ಚೌಕದ ಕಾರಂಜಿಯೊಳಗೆ ತಲೆಯಿಟ್ಟು ನಗತಕ್ಕದ್ದು. ಕಾರಂಜಿಯ ಮೀನುಗಳಿಗೆ ಈ ಬಗ್ಗೆ ಮುಂಚಿತವಾಗಿ ತಿಳಿವಳಿಕೆ ನೀಡಲಾಗಿದೆ.

5. ಈ ನಿಯಮಗಳು ಜ್ಞಾನಸ್ನಾನ ಪಡೆದ ಮಗುವಿಗೂ ಅನ್ವಯಿಸುತ್ತವೆ. ಮಗು ದೊಡ್ಡದಾದ ಮೇಲೆ ಈ ಕಥೆಯನ್ನು ತನ್ನದೆಂದು ಹೇಳಿಕೊಳ್ಳುವಂತಿಲ್ಲ.

6. ಮೇಲ್ಕಂಡ ನಿಯಮಗಳನ್ನು ಈ ಸೋಮವಾರ ಪ್ರಾಯೋಗಿಕವಾಗಿ ಜಾರಿಗೊಳಿಸಲಾಗಿದ್ದು, ನಡೆದದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

ಜೆಲಿಂದಾ ದಿಂಬಿನ ಚೀಲದಲ್ಲಿ ಸುತ್ತಿದ ಹಂದಿತೊಡೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ವಾಂದಾ ಕಾಫಿ ಯಂತ್ರವನ್ನೂ ನಿಲ್ಲಿಸಿದರು. ಇಷ್ಟೊಂದು ಕಿವಿಗಳು ಒಮ್ಮೆಲೇ ತಮ್ಮತ್ತ ತಿರುಗಿದ್ದನ್ನು ಜೆಲಿಂದಾ ಎಂದೂ ಕಂಡಿರಲಿಲ್ಲ.

"ಶಿಳ್ಳೆ ಊದಿದ್ರು. ಓಡ್ದೆ. ದಿಬ್ಬ ಬಂತು, ಹತ್ತಿದೆ. ಇಳಿದೆ. ಮೊದಲ್ನೇವ್ಳು ಅಂದ್ರು."

ಅಷ್ಟೇ. ಬಟ್ಟಲಿನ ಸಕ್ಕರೆ ಇನ್ನೂ ಕರಗಿರಲಿಲ್ಲ, ಕಥೆ ಮುಗಿದಿತ್ತು. ವಾರವಿಡೀ ಒಲೆಯ ಮುಂದೆ ತಮಗೆ ತಾವೇ ಹೇಳಿಕೊಂಡಾಗ ಅದೆಷ್ಟು ಉದ್ದವಿತ್ತು! ಉಳಿದದ್ದೆಲ್ಲ ಎಲ್ಲಿ ಹೋಯಿತೆಂದು ಅವರು ಮೇಜಿನ ಮೇಲೆ ಹುಡುಕುವವರಂತೆ ನೋಡಿದರು. ನೇರಿಯೊ ಅವರ ಕೆನ್ನೆ ಉಬ್ಬಿ, ಕಣ್ಣು ಕಾರಂಜಿಯತ್ತ ಹೊರಳಿದ್ದನ್ನು ಗಮನಿಸಲಾಗಿದೆ.

"ತಡೀರಿ," ಎಂದರು ಜೆಲಿಂದಾ. "ಯಾರೂ ಏಳ್ಬೇಡಿ. ಇನ್ನೊಂದ್ಸಲ ಹೇಳ್ತೀನಿ."

ಎರಡನೆಯ ಸಲ ಹೇಳುವಾಗ ದಿಬ್ಬದ ನಡುವೆ ಒಂದು ಹೆಬ್ಬಾತು ಬಂದು ನಿಂತಿತು. ಮೂರನೆಯ ಸಲ ಅದು ಜೊತೆಗೇ ಓಡತೊಡಗಿತು. ಅದರ ಹಿಂದೆ, ನಿಲುವಂಗಿ ಎತ್ತಿಕಟ್ಟಿಕೊಂಡು, ಬೈಯುತ್ತ ಚರ್ಚಿನ ಪಾದ್ರಿ.

"ತಿರುವಿನಲ್ಲಿ ನನ್ನನ್ನೇ ಹಿಂದೆ ಹಾಕ್ತು ಕಣ್ರೀ! ಎಪ್ಪತ್ತು ದಾಟಿದ ಹೆಂಗಸ್ರಲ್ಲಿ ನಾನೊಬ್ಳೇ ಅಂದ್ಕೊಂಡಿದ್ದೆ. ಅದರ ವಯಸ್ಸು ಯಾರಿಗ್ಗೊತ್ತು! ನನ್ನ ಎದೆ ನಗಾರಿ ಹೊಡ್ದಂಗೆ ಹೊಡ್ಕೊತಿದೆ. ಅದು ಕತ್ತು ತಿರುಗ್ಸಿ ನನ್ನ ನೋಡ್ತು. ನಾನೂ ನೋಡ್ದೆ."

ಇಷ್ಟು ಹೇಳಿ ಅವರು ನಿಧಾನವಾಗಿ ಬಟ್ಟಲೆತ್ತಿ, ಒಂದು ಗುಟುಕು ಕುಡಿದು, ತುಟಿ ಒರೆಸಿಕೊಂಡರು.

"ಆಮೇಲೆ?" ಎಂದರು ನೇರಿಯೊ, ಒಂದನೆಯ ನಿಯಮವನ್ನು ಸ್ಪಷ್ಟವಾಗಿ ಉಲ್ಲಂಘಿಸಿ. ಅವರು ಕುರ್ಚಿಯ ಅಂಚಿಗೆ ಜಾರಿದ್ದರು. "ಆಮೇಲೇನಾಯ್ತು ಅಕ್ಕ? ಹೇಳ್ರೀ ಬೇಗ!"

"ಬಾಯ್ಮುಚ್ಕೊಂಡು ಕೂತ್ಕೊ. ಸರ್ಕಾರದ ನಿಯಮ ಇದೆ," ಎಂದರು ಜೆಲಿಂದಾ. ಅವರ ಮುಖ ಹಬ್ಬದ ದೀಪದಂತಿತ್ತು. "ವಾಂದಾ, ಒಂದು ಚಾಕು ತಾರೇ. ತೊಡೆ ಕೊಯ್ಕೊಂಡು ಹೇಳೋವಷ್ಟು ಉದ್ದದ ಕತೆ ಇದು."

7. ಮೇಲ್ಕಂಡ ಹಿನ್ನೆಲೆಯಲ್ಲಿ "ಆಮೇಲೆ?" ಎಂಬ ಪದವನ್ನು ನಿಷೇಧದಿಂದ ಹೊರಗಿಡಲಾಗಿದೆ. ಕಥೆಯು ಪ್ರತಿ ಸಲ ಬೆಳೆಯುವುದನ್ನು ಸಹಜ ವೃದ್ಧಿ ಎಂದು ಪರಿಗಣಿಸತಕ್ಕದ್ದು. ಹೆಬ್ಬಾತು ಇತ್ತೋ ಇಲ್ಲವೋ ಎಂದು ಇಲಾಖೆಯ ಹೊರತು ಯಾರೂ ವಿಚಾರಿಸತಕ್ಕದ್ದಲ್ಲ.

(ಸಹಿ)
ಉಪ ನಿಯಂತ್ರಕರು
ಸೋಮವಾರದ ವರ್ಣನೆಗಳ ವಿಭಾಗ

ಪ್ರತಿಗಳು:
– ಶ್ರೀ ನೇರಿಯೊ ಬೊರ್ಸಾರಿ, ಜೋರಾಗಿ ಓದದೆ ಓದಿಕೊಳ್ಳಲು.
– ಚರ್ಚಿನ ಪಾದ್ರಿ, ನಿಲುವಂಗಿಯ ಉದ್ದದ ಬಗ್ಗೆ ಸೂಕ್ತ ಕ್ರಮಕ್ಕಾಗಿ.
– ಹೆಬ್ಬಾತು, ವಯಸ್ಸಿನ ದಾಖಲೆ ಸಲ್ಲಿಸಲು.
– ಕಚೇರಿಯ ಬಾಗಿಲು, ಹೊರಗಿನಿಂದ ಅಂಟಿಸಲು. ಒಳಗೆ ಯಾರೂ ಇರುವುದಿಲ್ಲ. ಉಪ ನಿಯಂತ್ರಕರು ಮೇಜು ಖಾಲಿ ಮಾಡಿ, ಓಟದ ಬೂಟು, ಒಣ ಅಂಗಿ, ಕಾಗದದಲ್ಲಿ ಸುತ್ತಿದ ಹಂದಿತೊಡೆಯ ಎರಡು ಹೋಳುಗಳನ್ನು ಚೀಲಕ್ಕೆ ತುರುಕಿಕೊಂಡು, ಸ್ಥಳ ಪರಿಶೀಲನೆಯ ನೆಪದಲ್ಲಿ ಚರ್ಚಿನ ದಿಬ್ಬದ ಕಡೆಗೆ ಹೊರಟಿರುತ್ತಾರೆ.