ಡಬ್ಬಿಯೊಳಗಿನ ನಕ್ಷತ್ರ

“ಇನ್ನು ಮೇಲೆ ನನ್ನ ಕಣ್ಣಿಗೆ ಮಣ್ಣೆರಚೋನು ಹೊಸದಾಗಿ ಹುಟ್ಟಿ ಬರಬೇಕು!” ಎಂದು ಕನ್ನಡಕದಂಗಡಿಯವರು ಭಾನುವಾರ ಬೆಳಿಗ್ಗೆ ಘೋಷಿಸಿದರು. ಕೇಳಲು ಇದ್ದವರು ಹೆಂಡತಿ ಒಬ್ಬರೇ.

“ಹುಟ್ಟಲಿ ಬಿಡಿ, ಆಮೇಲೆ ನೋಡೋಣ. ಈಗ ಸ್ನಾನಕ್ಕೆ ಏಳಿ,” ಎಂದರು ಆಕೆ.

ಕನ್ನಡಕದವರಿಗೆ ಅನುಮಾನ ಕಸುಬಿನ ಜೊತೆಗೇ ಬಂದದ್ದು. ಗಿರಾಕಿ “ಅಕ್ಷರ ಕಾಣುತ್ತೆ” ಎಂದರೆ ನಂಬುವವರಲ್ಲ. ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ ಎಂದು ಹಿಂದಿನಿಂದ ಮುಂದಕ್ಕೆ ಓದಿಸುವವರು! ಮನೆಯಲ್ಲೂ ಅಷ್ಟೇ. ಹಾಲಿನಲ್ಲಿ ನೀರು ಕಾಣುತ್ತಿತ್ತು, ನೆಂಟರ ನಗೆಯಲ್ಲಿ ಏನೋ ಕೆಲಸ ಆಗಬೇಕಾಗಿರುವ ವಾಸನೆ ಬರುತ್ತಿತ್ತು.

ಇಂಥವರಿಗೆ ಒಂದು ಹುಚ್ಚು ಹತ್ತಿತ್ತು. ಹಳೆಯ ನಾಣ್ಯ ಇರುವವರು ಅದನ್ನು ಗ್ರೇಡಿಂಗ್ ಕಂಪನಿಗೆ ಕಳಿಸುತ್ತಾರೆ. ಕಂಪನಿಯವರು ನಾಣ್ಯ ಪರೀಕ್ಷಿಸಿ, ಅಂಕ ಕೊಟ್ಟು, ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಬೆಸೆದು, ಚೀಟಿ ಅಂಟಿಸಿ ವಾಪಸು ಕಳಿಸುತ್ತಾರೆ. ಲೋಕವೆಲ್ಲ ಒಳಗಿನ ನಾಣ್ಯಕ್ಕೆ ಬಾಯಿ ಬಿಟ್ಟರೆ, ನಮ್ಮ ಕನ್ನಡಕದವರಿಗೆ ಬೇಕಾದದ್ದು ಡಬ್ಬಿ! ಆ ಕಂಪನಿಯದೊಂದು, ಈ ಕಂಪನಿಯದೊಂದು. ಚೌಕಟ್ಟು ದಪ್ಪಗಿರುವುದೊಂದು, ಮೂಲೆ ದುಂಡಗಿರುವುದೊಂದು. ಒಳಗೆ ಸವೆದು ಸಪ್ಪಟೆಯಾದ ಬಿಲ್ಲೆ ಇದ್ದರೂ ಸೈ.

“ಬಾಳೆಹಣ್ಣು ಬಿಸಾಕಿ ಸಿಪ್ಪೆ ತಿನ್ನೋರನ್ನ ನಾನು ಇಲ್ಲೇ ನೋಡಿದ್ದು,” ಎನ್ನುತ್ತಿದ್ದರು ಹೆಂಡತಿ.

ಗೋಡೆಯ ಕಪಾಟಿನಲ್ಲಿ ಎಲ್ಲ ಕಂಪನಿಗಳ ಡಬ್ಬಿಗಳೂ ಸಾಲಾಗಿ ನಿಂತಿದ್ದವು. ಒಂದು ಜಾಗ ಮಾತ್ರ ಮುಂದಿನ ಹಲ್ಲು ಬಿದ್ದ ಬಾಯಿಯಂತೆ ವರ್ಷಗಟ್ಟಲೆ ಖಾಲಿ. ಅದು ಬಾಗಿಲು ಮುಚ್ಚಿಹೋದ ಒಂದು ಪುಟ್ಟ ಕಂಪನಿಯದು. ಆ ಕಂಪನಿ ಜನಕ್ಕೆ ತೋರಿಸಲೆಂದು ಒಂದೇ ಥರದ ನಾಣ್ಯ ಹಾಕಿದ ಕೆಲವು ಸ್ಯಾಂಪಲ್ ಡಬ್ಬಿ ಮಾಡಿ ಹಂಚಿ, ಒಂದೊಂದಕ್ಕೂ ಬೇರೆ ನಂಬರು ಹಾಕುವ ಮೊದಲೇ ಕಣ್ಣು ಮುಚ್ಚಿತ್ತು. ಅಂಥದ್ದೊಂದು ಈಗ ಕನ್ನಡಕದವರ ಕೈ ಸೇರಿತ್ತು. ಕಪಾಟು ತುಂಬುವುದೊಂದೇ ಬಾಕಿ! ಆದರೆ ಅದನ್ನು ಸುಮ್ಮನೆ ಇಟ್ಟುಬಿಟ್ಟರೆ ಯಾರ ಹೊಟ್ಟೆ ಉರಿಯಬೇಕು? ಊರಿನಲ್ಲಿ ಡಬ್ಬಿಯ ಹುಚ್ಚಿದ್ದ ಇನ್ನೊಬ್ಬರೆಂದರೆ ಎದುರು ಬೀದಿಯ ಹಲ್ಲಿನ ಡಾಕ್ಟರು. ಅವರನ್ನು ಟೀಗೆ ಕರೆದರು.

ಡಾಕ್ಟರು ಬಂದರು, ಕೂತರು, ಡಬ್ಬಿ ನೋಡಿದರು. ಆಮೇಲೆ ನಿಧಾನವಾಗಿ ಅಂಗಿಯ ಜೇಬಿಗೆ ಕೈ ಹಾಕಿ ಅಂಥದ್ದೇ ಇನ್ನೊಂದು ತೆಗೆದು ಮೇಜಿನ ಮೇಲಿಟ್ಟರು!

ಕನ್ನಡಕದವರು ಟೀ ಲೋಟ ಟಕ್ಕನೆ ಕೆಳಗಿಟ್ಟರು.

“ಇದೊಂದೇ ಉಳಿದಿರೋದು ಅಂತ ಮಾರಿದವನು ಆಣೆ ಮಾಡಿ ಹೇಳಿದಾನೆ,” ಎಂದರು.

“ನನಗೂ ಹಾಗೇ ಹೇಳಿದಾನೆ. ಅಂದ್ಮೇಲೆ ನಿಮ್ಮದು ನಕಲಿ.”

“ನಿಮ್ಮದು ನಕಲಿ! ನನ್ನದನ್ನ ಕಣ್ಣು ಕಟ್ಟಿದ್ರೂ ಮುಟ್ಟಿ ಗುರುತು ಹಿಡೀತೀನಿ.”

“ನಾನು ಮುಟ್ಟೋದೂ ಬೇಡ!”

ಬೆಸುಗೆ ನೋಡಲು ಅಂಗಡಿಯಲ್ಲಿದ್ದ, ದೊಡ್ಡ ಭೂತಗನ್ನಡಿ ಜೋಡಿಸಿದ ದೀಪ ಬೇಕಿತ್ತು. ಅಂಗಡಿ ಇದ್ದದ್ದು ಕೆಳಗಿನ ಅಂತಸ್ತಿನಲ್ಲಿ. ಕನ್ನಡಕದವರು ಎದ್ದವರು ಮತ್ತೆ ಕೂತರು. ಈ ಮನುಷ್ಯನನ್ನು ಡಬ್ಬಿಗಳ ಜೊತೆ ಒಂಟಿಯಾಗಿ ಬಿಟ್ಟುಹೋಗುವುದೇ? ಡಾಕ್ಟರಿಗೂ ಅದೇ ಯೋಚನೆ: ಒಬ್ಬನೇ ಕೂತಿದ್ದರೆ ಅದಲುಬದಲು ಮಾಡಿದ ದೂರನ್ನು ನಾಳೆ ತನ್ನ ತಲೆಗೇ ಕಟ್ಟುತ್ತಾರೆ! ಡಬ್ಬಿಗಳನ್ನು ಹೊತ್ತು ಇಳಿದರೆ ಮೆಟ್ಟಿಲಲ್ಲೇ ಕೈ ಬದಲಾದೀತು! ಕೊನೆಗೆ ಇಬ್ಬರೂ ಬರಿಗೈಯಲ್ಲಿ ಒಟ್ಟಿಗೆ ಇಳಿದರು. ಡಬ್ಬಿಗಳಿಗೆ ಕಾವಲು ಹೆಂಡತಿ. ಲೋಕದಲ್ಲಿ ಇಬ್ಬರಿಗೂ ಅನುಮಾನವಿಲ್ಲದ ಜೀವ ಆ ಹೊತ್ತಿಗೆ ಆಕೆ ಒಬ್ಬರೇ.

ದೀಪ ಹೊತ್ತು ವಾಪಸು ಬಂದಾಗ ಮೇಜು ಒರೆಸಿತ್ತು, ಲೋಟಗಳು ಒಳಗೆ ಹೋಗಿದ್ದವು. ಮಡಿಸಿದ ಬಟ್ಟೆಯ ಮೇಲೆ ಎರಡು ಡಬ್ಬಿ ಅಕ್ಕಪಕ್ಕ. ಒಂದು ಮಂಕಾಗಿತ್ತು. ಇನ್ನೊಂದು ಥಳಥಳ ಹೊಳೆಯುತ್ತಿತ್ತು!

ಯಾವುದು ಯಾರದು?

ಎರಡು ಕೈ ಒಟ್ಟಿಗೆ ಹೊಳೆಯುವ ಡಬ್ಬಿಯ ಮೇಲೆ ಬಿದ್ದವು.

“ಇದು ನಂದು!”

“ನಂದು!”

“ರೀ, ಅದು...” ಎಂದರು ಹೆಂಡತಿ.

“ನೀನು ಸುಮ್ನಿರು! ಇದು ಪಳಗಿದ ಕಣ್ಣಿನ ವಿಷಯ,” ಎಂದು ಕನ್ನಡಕದವರು ದೀಪ ಬಗ್ಗಿಸಿದರು. “ನೋಡಿ ಡಾಕ್ಟ್ರೇ, ಏನು ಹೊಳಪು! ಈಗಿನ ಪ್ಲಾಸ್ಟಿಕ್ಕಿಗೆ ಇದು ಬರುತ್ತಾ?”

“ನಾನು ತಗೊಂಡಿದ್ದೇ ಆ ಹೊಳಪು ನೋಡಿ!” ಡಾಕ್ಟರು ಮೂಗಿನ ಹತ್ತಿರ ತಂದು ಮೂಸಿದರು. “ವಾಸನೇನೂ ನಂದೇ.”

“ಮೆಟ್ಟಿಲಲ್ಲಿ ನೀವು ಹಿಂದೆ ಉಳಿದ್ರಿ. ಯಾಕೆ?”

“ಚಪ್ಪಲಿ ಕಿತ್ತೋಯ್ತು.”

“ಸಮಯ ನೋಡ್ಕೊಂಡು ಕಿತ್ತೋಯ್ತು!”

“ನೀವು ಬಾಗಿಲಲ್ಲಿ ಕೆಮ್ಮಿದ್ರಲ್ಲ, ಯಾರಿಗೆ ಸನ್ನೆ? ಒಳಗಿದ್ದೋರು ನಿಮ್ಮ ಮನೆಯೋರು ತಾನೇ?”

“ನನ್ನ ಹೆಂಡತಿ ಮೇಲೆ ಅನುಮಾನವೇ? ಅವಳ ಮೇಲೆ ಅನುಮಾನ ಪಡೋ ಹಕ್ಕು ನನ್ನೊಬ್ಬನದು!”

ಮಂಕಾದದ್ದು ನಕಲಿ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಅದನ್ನು ಸಾಬೀತು ಮಾಡುವ ದಾರಿಯೂ ಒಂದಿತ್ತು. ಆ ಕಂಪನಿಯವರು ನಾಣ್ಯ ಕೂರುವ ಗುಳಿಯ ತಳದಲ್ಲಿ ಒಂದು ಸಣ್ಣ ನಕ್ಷತ್ರ ಒತ್ತುತ್ತಿದ್ದರಂತೆ. ಡಬ್ಬಿ ಒಡೆದು ನಾಣ್ಯ ಎತ್ತಿದರಷ್ಟೇ ಅದು ಕಾಣುವುದು. ನಕ್ಷತ್ರ ನೋಡಿದವನಿಗೆ ಡಬ್ಬಿ ಉಳಿಯುವುದಿಲ್ಲ, ಡಬ್ಬಿ ಉಳಿಸಿಕೊಂಡವನಿಗೆ ನಕ್ಷತ್ರ ಕಾಣುವುದಿಲ್ಲ!

“ಮಂಕಾಗಿರೋದನ್ನ ಒಡೆದುಬಿಡೋಣ,” ಎಂದು ಕನ್ನಡಕದವರು ಸುತ್ತಿಗೆ ತಂದರು. “ನಕ್ಷತ್ರ ಇಲ್ಲದಿದ್ರೆ ನಿಮ್ಮ ಬಣ್ಣ ಬಯಲು.”

“ಒಡೀರಿ. ನನಗೇನು, ನಿಮ್ಮದು ತಾನೇ!”

“ನಿಮ್ಮದು! ಅದಕ್ಕೇ ಕೈ ಇಷ್ಟು ಮೇಲೆತ್ತಿರೋದು!”

“ಒಡೀಬೇಡ್ರೀ, ನನ್ನ ಒಂದು ಮಾತು ಕೇಳಿ,” ಎಂದು ಹೆಂಡತಿ ಅಡ್ಡ ಬಂದರು.

“ನಕಲಿ ಮೇಲೆ ಕನಿಕರ ತೋರಿಸ್ಬೇಡ, ಸರಿ ಆ ಕಡೆ!”

ಸುತ್ತಿಗೆ ಬಿತ್ತು. ಮಹಾಯುದ್ಧದಲ್ಲಿ ಕೋಟೆ ಬಾಗಿಲು ಮುರಿದಂತೆ ಚಟಾರ್ ಎಂದು ಸದ್ದಾಗಿ ಚೂರುಗಳು ಕೋಣೆ ತುಂಬ ಹಾರಿದವು. ಕನ್ನಡಕದವರು ನಾಣ್ಯ ಎತ್ತಿ, ಉಳಿದ ತಳವನ್ನು ದೀಪಕ್ಕೆ ಹಿಡಿದರು.

ನಕ್ಷತ್ರ! ಐದು ಮೂಲೆಯೂ ಚೂಪಾದ, ಮುದ್ದಾದ ನಕ್ಷತ್ರ!

ಆಗ ಹೆಂಡತಿ ಸಮಾಧಾನವಾಗಿ ಹೇಳಿದರು: “ಲೋಟ ಎತ್ತುವಾಗ ಡಾಕ್ಟರ ಟೀ ಚೆಲ್ಲಿ, ಪಕ್ಕದಲ್ಲಿದ್ದ ಅವರ ಡಬ್ಬಿ ಮೇಲೆ ಬಿತ್ತು. ಮನೆಗೆ ಬಂದೋರ ವಸ್ತು ಕಲೆ ಮಾಡಿ ಕಳಿಸೋದಾ? ಹಲ್ಲುಜ್ಜೋ ಪೇಸ್ಟ್ ಹಾಕಿ ತಿಕ್ಕಿದೆ. ಕಲೇನೂ ಹೋಯ್ತು, ಹೊಳಪೂ ಬಂತು.”

“ಪೇಸ್ಟಾ!” ಎಂದು ಡಾಕ್ಟರು ತಲೆ ತಗ್ಗಿಸಿದರು. “ಆ ವಾಸನೆ ನನ್ನ ಕೈಯದೇ ಅಂದ್ಕೊಂಡಿದ್ದೆ.”

“ಹಾಗಾದ್ರೆ... ಈ ಮಂಕಾಗಿದ್ದದ್ದು?” ಕನ್ನಡಕದವರ ಸ್ವರ ಪಾತಾಳ ಸೇರಿತ್ತು.

“ನಮ್ಮದು. ಮುಟ್ಟಿದ್ರೆ ಬೈತೀರಿ ಅಂತ ನಾನು ಕೈಯೇ ಹಚ್ಚಲಿಲ್ಲ.”

ಡಾಕ್ಟರು ಒಳ್ಳೆಯವರು. ಕನ್ನಡಕದವರ ಹೆಗಲ ಮೇಲೆ ಕೈಯಿಟ್ಟು, “ನಿಮ್ಮದು ಅಪ್ಪಟ ಅಸಲಿ. ಎಲ್ಲಿ ಬೇಕಾದ್ರೂ ಹೇಳ್ತೀನಿ,” ಎಂದರು. ಹೇಳಿದ ಮರುಕ್ಷಣವೇ ಅವರ ಮುಖ ಕಪ್ಪಿಟ್ಟಿತು. ಒಂದೇ ಉಳಿದದ್ದು ನಿಜವಾದರೆ, ತನ್ನದು?

“ನೋಡೇ ಬಿಡೋಣ ಡಾಕ್ಟ್ರೇ, ಸುತ್ತಿಗೆ ಇನ್ನೂ ಕೈಯಲ್ಲೇ ಇದೆ,” ಎಂದರು ಕನ್ನಡಕದವರು.

ಡಾಕ್ಟರು ಹೊಳೆಯುವ ಡಬ್ಬಿಯನ್ನು ಎದೆಗವುಚಿಕೊಂಡು, ಕಿತ್ತ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಓಡಿದರು.

ಇತ್ತ ಕನ್ನಡಕದವರು ಮಂಡಿಯೂರಿ, ಭೂತಗನ್ನಡಿ ಹಿಡಿದು, ಮೇಜಿನ ಕೆಳಗೆಲ್ಲ ಚೂರು ಹೆಕ್ಕತೊಡಗಿದರು. ಅಂಟಿಸಿದರೆ ಕೂಡಬಹುದೇನೋ ಎಂಬ ಆಸೆ. ಹೆಂಡತಿ ಪೊರಕೆ ತಂದು ಪಕ್ಕದಲ್ಲಿ ನಿಂತರು.

“ನೋಡ್ಕೊಂಡು ಆರಿಸಿ,” ಎಂದರು. “ಅಸಲಿ ಅಲ್ವಾ, ಜೋರಾಗಿ ಚುಚ್ಚುತ್ತೆ.”