ಹಸಿರು ಬಾಣದ ದಾರಿಯಲ್ಲಿ ಇಬ್ಬರು ಪುಕ್ಕಲರು

ನೆಲ ಸಮತಟ್ಟಾಗಿದ್ದರೆ ಹೆದರಿಕೆಗೆ ಜಾಗವಿಲ್ಲ ಎಂದು ಜನ ತಿಳಿದುಕೊಂಡಿರುತ್ತಾರೆ. ಏರಿಲ್ಲ, ಇಳಿಜಾರಿಲ್ಲ, ಉರುಳಿ ಬೀಳಲು ಗುಡ್ಡವಿಲ್ಲ. ಆದರೂ ಕಮಲಾಪುರದ ಆಚೆಯ ಆ ಕೆರೆಯ ಸುತ್ತ ನಡೆಯಲು ಹೋದಾಗಲೆಲ್ಲ ಒಂದಲ್ಲ ಒಂದು ಕಾರಣಕ್ಕೆ ನನ್ನ ಎದೆ ಬಾಯಿಗೆ ಬಂದೇ ಬರುತ್ತದೆ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ನಿಂತುಕೊಂಡೇ ಊರೂರು ಸುತ್ತಿದ್ದೇನೆ, ನಡೆದದ್ದು ಕಡಿಮೆ. ನನ್ನ ಗೆಳೆಯರು ಕಲಬುರಗಿಯ ಮೋಮಿನಪುರದಲ್ಲಿ ಟೇಲರ್. ಓಣಿಗೆಲ್ಲ ಅವರು ‘ಮಾಸ್ಟರ್’, ನನಗೂ ಹಾಗೇ. ಅವರಿಗೆ ನಾನು ‘ಕಂಡಕ್ಟರ್ ಸಾಬ್’. ಕಳೆದ ವರ್ಷ ಮಾಸ್ಟರ್ ಹೊಲಿಗೆ ಮಿಷಿನ್ ಮುಂದೆ ಕೂತಲ್ಲೇ ಕುಸಿದರು. ಎದೆಯೊಳಗೆ ಸ್ಟೆಂಟ್ ಹಾಕಿದರು. ಡಾಕ್ಟರು ಹೇಳಿದ್ದು ಎರಡೇ ಮಾತು: “ಸಪಾಟು ನೆಲದ ಮ್ಯಾಲೆ ನಡೀರಿ. ಗಾಬರಿ ಮಾಡ್ಕೋಬ್ಯಾಡ್ರಿ.”

ಅವರ ಮಗಳು ಶಾಲೆಯಲ್ಲಿ ಟೀಚರ್. ನನ್ನ ಕೈ ಹಿಡಿದು, “ಕಾಕಾ, ಅಬ್ಬಾ ಒಬ್ರೇ ಹೋಗೋದು ಬ್ಯಾಡ. ನೀವೂ ಜೋಡಿ ಹೋಗ್ರಿ. ಅವರು ಗಾಬರಿ ಆಗದಂಗ ನೋಡ್ಕೋರಿ” ಅಂದಳು. ನಾನು ಹೂಂ ಎಂದೆ. ಗಾಬರಿಯ ವಿಷಯದಲ್ಲಿ ನಾನು ಅವಳ ಅಬ್ಬಾನಿಗಿಂತ ಎಷ್ಟೋ ಸ್ಟಾಪು ಮುಂದಿದ್ದೇನೆ ಎಂಬುದು ಪಾಪ, ಆ ಹುಡುಗಿಗೆ ಗೊತ್ತಿರಲಿಲ್ಲ.

ಬೋರ್ಡು

ಆ ಕೆರೆಯನ್ನು ಈಚೆಗೆ ಹಕ್ಕಿಗಳಿಗೆಂದು ಕಾದಿಟ್ಟಿದ್ದಾರೆ. ನಡೆಯುವವರಿಗೆ ಎರಡು ದಾರಿ. ಹಸಿರು ಬಾಣ ಹಿಡಿದು ಹೋದರೆ ಕೆರೆಗೆ ಕಟ್ಟಿದ ಏರಿಯ ಮೇಲೆ ನೇರ ದಾರಿ, ನಡುನಡುವೆ ಕೂರಲು ಕಲ್ಲುಬೆಂಚು. ನೀಲಿ ಬಾಣದ್ದು ಸ್ವಲ್ಪ ಉದ್ದ. ನೀರಂಚಿನ ಆಪಿನ ಹುಲ್ಲಿನ ನಡುವೆ ಸುತ್ತು ಹೊಡೆಸಿ ಮತ್ತೆ ಗೇಟಿಗೇ ತಂದು ಬಿಡುತ್ತದೆ. ಎರಡೂ ಅಂಗೈಯಷ್ಟು ಸಪಾಟು.

ಮೊದಲ ದಿನ ಗೇಟಿನಲ್ಲಿ ದೊಡ್ಡ ಬೋರ್ಡು ಕಂಡು ಮಾಸ್ಟರ್ ಖುಷಿಯಾದರು. ‘ಸುಲಭ ದಾರಿ. ವೃದ್ಧರು, ಮಕ್ಕಳು ಆರಾಮವಾಗಿ ನಡೆಯಬಹುದು’ ಎಂದು ಬರೆದಿತ್ತು. ನಾನು ಕನ್ನಡಕ ಹಾಕಿಕೊಂಡು ಕೆಳಗಿನ ಸಣ್ಣ ಅಕ್ಷರವನ್ನೂ ಓದಿದೆ. ‘ಹಾವುಗಳಿವೆ, ಎಚ್ಚರಿಕೆ’.

ಇಬ್ಬರೂ ಅಲ್ಲೇ ನಿಂತೆವು. ಮಾಸ್ಟರ್ ನನ್ನ ಮುಖ ನೋಡಿದರು, ನಾನು ಬಸ್ ಬಂದ ರಸ್ತೆ ನೋಡಿದೆ.

ಗೇಟಿನ ಕಾವಲುಗಾರ ಕುರ್ಚಿಯ ಮೇಲೆ ಕೂತು ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ. “ಏನಪಾ, ಇಲ್ಲಿ ಸುಲಭ ದಾರಿ ಅಂತ ಬರ್ದೀರಿ, ಕೆಳಗ ಹಾವು ಅಂತ ಬರ್ದೀರಿ. ಎರಡರಾಗ ಯಾವುದು ಖರೆ?” ಎಂದು ಕೇಳಿದೆ.

ಅವನು ಹಣ್ಣು ಬಾಯಿಗಿಟ್ಟುಕೊಂಡು ಹೇಳಿದ: “ಎರಡೂ ಖರೇ ರೀ. ಸುಲಭ ಅದ ಅಂತೇ ಅವೂ ಇದೇ ದಾರಿಗಿ ಬರ್ತಾವ.”

ಉಸಿರು

ಕೆಲವು ವಾರ ಹಸಿರು ಬಾಣದಲ್ಲೇ ನಡೆದು ಧೈರ್ಯ ಬಂದ ಮೇಲೆ ಒಂದು ಭಾನುವಾರ ನೀಲಿ ಬಾಣ ಹಿಡಿದೆವು. ಎರಡೂ ಕಡೆ ಆಳೆತ್ತರದ ಹುಲ್ಲು. ಗಾಳಿಯಿಲ್ಲ. ಮಾಸ್ಟರ್ ಮುಂದೆ, ನಾನು ಹಿಂದೆ. ಇದ್ದಕ್ಕಿದ್ದಂತೆ ಬಲಗಡೆಯ ಹುಲ್ಲಿನೊಳಗಿಂದ ‘ಭುಸ್ಸ್’ ಎಂದು ಯಾರೋ ಉಸಿರು ಬಿಟ್ಟರು. ಮನುಷ್ಯರ ಉಸಿರಲ್ಲ ಅದು. ಅಷ್ಟು ಅಗಲದ ಮೂಗು ಮನುಷ್ಯರಿಗಿಲ್ಲ.

“ಕಂಡಕ್ಟರ್ ಸಾಬ್, ನೀವೇನು ಉಸುರು ಬಿಟ್ರಿ?”

“ಇಲ್ರಿ. ನಾ ಹಿಡ್ಕೊಂಡು ನಿಂತೀನಿ.”

ಮತ್ತೊಮ್ಮೆ ‘ಭುಸ್ಸ್’. ಈ ಸಲ ಹುಲ್ಲು ಅಲ್ಲಾಡಿತು. ಕೆರೆಯಲ್ಲಿ ಮೊಸಳೆ ಇದೆಯಂತೆ ಎಂದು ಬಸ್ಸಿನಲ್ಲಿ ಯಾರೋ ಮಾತಾಡಿಕೊಂಡದ್ದು ನನಗೆ ಆಗಲೇ ನೆನಪಾಗಬೇಕೇ? ಮಾಸ್ಟರ್ ಒಂದು ಕೈ ಎದೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ದುವಾ ಓದತೊಡಗಿದರು. ನನಗೆ ಬರುವ ಸ್ತೋತ್ರವೊಂದೂ ಬಾಯಿಗೆ ಬರಲಿಲ್ಲ. ಕೊನೆಗೆ ಬಸ್ಸು ನಿಲ್ಲಿಸುವ ಹಳೇ ರೂಢಿಯಂತೆ “ಹೋಲ್ಡಾನ್! ಹೋಲ್ಡಾನ್!” ಎಂದು ಕೂಗಿದೆ.

ಹುಲ್ಲು ಇಬ್ಭಾಗವಾಯಿತು. ಮೈತುಂಬ ಕೆಸರು ಬಳಿದುಕೊಂಡ ಒಂದು ಎಮ್ಮೆ ಎದ್ದು ಬಂದು ನಮ್ಮಿಬ್ಬರನ್ನು ನೋಡಿತು. ಅದಕ್ಕೂ ಏನನ್ನಿಸಿತೋ, ಬಾಲ ಎತ್ತಿಕೊಂಡು ಬಂದ ದಾರಿಯಲ್ಲೇ ಓಡಿಹೋಯಿತು.

ಅಷ್ಟರಲ್ಲಿ ಎಮ್ಮೆಯ ಒಡತಿ ಕೈಯಲ್ಲಿ ಕೋಲು ಹಿಡಿದು ಬಂದಳು. “ಯಣ್ಣಾ, ಯಾರ್ ಒದರಿದ್ರಿ ಹಂಗ? ಹಡೆದ ಎಮ್ಮಿ ಅದ ಅದು. ಅಂಜೇದ. ಸಂಜಿಗಿ ಹಾಲು ಕೊಡ್ಲಿಲ್ಲಂದ್ರ ಇಬ್ರೂ ಬಂದು ಅದಕ್ಕ ಸಮಾಧಾನ ಮಾಡಬೇಕು ನೋಡ್ರಿ ಮತ್ತ.”

ಮಂಜಿನೊಳಗೆ

ಚಳಿಗಾಲದ ಒಂದು ಬೆಳಗ್ಗೆ ಕೆರೆಯ ಮೇಲೆ ಮಂಜು ಕವಿದಿತ್ತು. ಹಸಿರು ಬಾಣ ಬಿಡಿ, ಬಾಣ ತೋರಿಸುವ ಕಂಬವೂ ಕಾಣುತ್ತಿರಲಿಲ್ಲ. “ವಾಪಸ್ ಹೋಗೋಣ್ರಿ” ಎಂದೆ. ಮಾಸ್ಟರ್ ಒಪ್ಪಲಿಲ್ಲ. ಮನೆಯಲ್ಲಿ ಕೂತರೆ ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುವುದನ್ನೇ ಕೇಳುತ್ತ ಮಲಗಿರುತ್ತೇನೆ, ನಡೆದ ದಿನ ಮಾತ್ರ ನಿದ್ದೆ ಎಂದರು. ಅದುವರೆಗೆ ಅವರು ಹಾಗೆ ಹೇಳಿರಲಿಲ್ಲ. ಅವರ ಹೆದರಿಕೆ ಹಾವಿನದಲ್ಲ, ಎಮ್ಮೆಯದೂ ಅಲ್ಲ ಎಂದು ನನಗೆ ಆಗ ತಿಳಿಯಿತು. ಅವರ ಜೊತೆ ಹೆಜ್ಜೆ ಹಾಕಿದೆ.

ಏರಿಯ ಅರ್ಧಕ್ಕೆ ಬಂದಿರಬೇಕು. ನೀರಿನ ಕಡೆಯಿಂದ ಒಬ್ಬ ಗಂಡಸು ನಕ್ಕ. “ಹಾ… ಹಾ… ಹಾ…” ನಿಧಾನವಾಗಿ, ಬಿಡಿಬಿಡಿಯಾಗಿ. ನಾವು ನಿಂತೆವು. ಅವನು ನಿಲ್ಲಿಸಿದ. ಅವನ ಬೆನ್ನಿಗೇ ಹತ್ತಾರು ಜನ ಗಂಡಸರು, ಹೆಂಗಸರು ಒಟ್ಟಿಗೆ “ಹಾ! ಹಾ! ಹಾ!” ಎಂದು ನಕ್ಕರು. ಒಬ್ಬರೂ ಕಾಣುವುದಿಲ್ಲ. ಬರೀ ಬಿಳಿ ಮಂಜು, ಅದರೊಳಗೆ ನಗು.

ಮಾಸ್ಟರ್ ನನ್ನ ಸ್ವೆಟರಿನ ತೋಳು ಹಿಡಿದರು. ನಾನು ಅವರ ಮಫ್ಲರ್ ಹಿಡಿದೆ. ಓಡಲು ಹೊರಟೆವು, ಆದರೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೊರಟದ್ದರಿಂದ ಇದ್ದಲ್ಲೇ ಒಂದು ಸುತ್ತು ಸುತ್ತಿದೆವು. ಅಷ್ಟರಲ್ಲಿ ಮಂಜು ತುಸು ಹರಿಯಿತು. ನೀರಿನ ಅಂಚಿನ ಬಯಲಿನಲ್ಲಿ ಬಿಳಿ ಪ್ಯಾಂಟು, ಬಿಳಿ ಬೂಟು ಹಾಕಿಕೊಂಡ ಜನ ಗುಂಡಗೆ ನಿಂತು ಕೈ ಮೇಲೆತ್ತಿ ನಗುತ್ತಿದ್ದರು. ಕಲಬುರಗಿಯ ಯಾವುದೋ ಬಡಾವಣೆಯ ನಗೆಕೂಟದವರಂತೆ. ಆರೋಗ್ಯಕ್ಕೆ ಒಳ್ಳೆಯದೆಂದು ಆ ದಿನ ತೆರೆದ ಗಾಳಿಗೆ ಬಂದಿದ್ದರು.

ಅವರ ಮುಖ್ಯಸ್ಥರು ನಮ್ಮನ್ನು ಕಂಡು ಕೈ ಬೀಸಿದರು. “ಬರ್ರಿ ಬರ್ರಿ, ಯಾಕ್ ಹಂಗ ನಡುಗ್ಲಾಕತ್ತೀರಿ? ಎರಡು ಸಲ ನಕ್ರ ಎಂಥಾ ಹೆದರಿಕಿನೂ ಹೋಗ್ತದ.”

ಮಾಸ್ಟರ್ ಮಫ್ಲರ್ ಸರಿಮಾಡಿಕೊಂಡು ಹೇಳಿದರು: “ಬ್ಯಾಡ್ರಿ ಸಾಬ್. ನೀವು ಎರಡು ಸಲ ನಕ್ಕಿದ್ದಕ್ಕೇ ಈ ಹೆದರಿಕಿ ಬಂದದ.”

ಕೆಸರು

ಇದು ಮೊನ್ನೆ ಮಳೆಗಾಲ ಮುಗಿದ ಮೇಲೆ ಆದದ್ದು.

ಏರಿಯ ಕೆಳಗೆ, ನೀರಿನ ಅಂಚಿನಲ್ಲಿ, ನೀಲಿಯೂ ಅಲ್ಲದ ನೇರಳೆಯೂ ಅಲ್ಲದ ಬಣ್ಣದ, ಕೆಂಪು ಕೊಕ್ಕಿನ ನೀರುಕೋಳಿ ಒಂದು ಓಡಾಡುತ್ತಿತ್ತು. “ಅರೆ! ಒಬ್ರು ಶೇರ್ವಾನಿಗಿ ಇದೇ ಬಣ್ಣ ಬೇಕು ಅಂತ ನನ್ನ ಜೀವ ತಿಂದಾರ. ಒಂದು ಫೋಟೋ ಹೊಡ್ಕೊಂಡು ಬರ್ತೀನಿ” ಎಂದು ಮಾಸ್ಟರ್ ದಾರಿ ಬಿಟ್ಟು ಇಳಿದರು. “ಬ್ಯಾಡ್ರಿ, ಬಾಣದ ಆಚಿ ಹೋಗಬ್ಯಾಡ್ರಿ” ಎನ್ನುವಷ್ಟರಲ್ಲಿ ಅವರ ಬಲಗಾಲು ಎರೆಮಣ್ಣಿನ ಕೆಸರಿನಲ್ಲಿ ಹೋಯಿತು. ಅದನ್ನು ಎತ್ತಲು ಎಡಗಾಲು ಊರಿದರು. ಅದೂ ಹೋಯಿತು. ನೋಡನೋಡುತ್ತ ಮೊಳಕಾಲವರೆಗೆ ಕರಿ ಕೆಸರು.

ಕೋಳಿ ಹಾರಿಹೋಯಿತು. ಮಾಸ್ಟರ್ ಮುಖ ಬಿಳಚಿಕೊಂಡಿತು. ಎರಡೂ ಕೈ ಎದೆಗೆ ಹೋದವು.

ನಾನು ಹೆಗಲ ಮೇಲಿನ ಟವೆಲ್ ಎಸೆದು ಎಳೆದೆ. ಟವೆಲ್ ಹರಿಯಿತೇ ಹೊರತು ಮಾಸ್ಟರ್ ಅಲುಗಲಿಲ್ಲ. ಕಾವಲುಗಾರನನ್ನು ಕೂಗಿದೆ, ಗೇಟು ದೂರ. ಅವರ ಮಗಳಿಗೆ ಫೋನ್ ಹಚ್ಚಿದೆ. ರಿಂಗ್ ಆಗುತ್ತಲೇ ಇತ್ತು. ಈ ಹುಡುಗಿಗೆ ನಾನು ಏನೆಂದು ಹೇಳಲಿ, ನಿನ್ನ ಅಬ್ಬಾನನ್ನು ಸಪಾಟು ನೆಲದ ಮೇಲೆ ಕಳೆದುಕೊಂಡೆ ಎನ್ನಲೇ?

“ಕಂಡಕ್ಟರ್ ಸಾಬ್,” ಮಾಸ್ಟರ್ ದನಿ ಬಹಳ ಮೆತ್ತಗಾಗಿತ್ತು, “ಇನ್ನ ನಂದು ಮುಗೀತು. ಹೋಗೋಕಿಂತ ಮೊದ್ಲು ನಿಮಗ ಒಂದು ಮಾತು ಹೇಳಬೇಕು. ಮಾಫ್ ಮಾಡ್ರಿ.”

“ಹಂಗೆಲ್ಲಾ ಮಾತಾಡಬ್ಯಾಡ್ರಿ ಮಾಸ್ಟರ್.”

“ನಿಮ್ಮ ಮಗನ ಮದುವಿಗಿ ನಿಮಗ ಸಫಾರಿ ಹೊಲ್ದು ಕೊಟ್ಟಿದ್ದೆ, ನೆನಪದ ಏನ್ರಿ? ಗುಂಡಿ ಹತ್ತಲಿಲ್ಲ. ‘ನಿಮ್ಮ ಹೊಟ್ಟಿ ಬೆಳೆದದ, ಇದು ಛಲೋ ಅಲ್ಲ, ಇದರಿಂದನೇ ಜನ ಸಾಯ್ತಾರ’ ಅಂತ ನಾ ನಿಮಗ ಅಂಜಿಸಿದ್ದೆ. ಹೊಟ್ಟಿ ಬೆಳೆದಿರಲಿಲ್ಲ. ನಾನೇ ಅಳತಿ ತಪ್ಪಿ ಸಣ್ಣ ಕತ್ತರಿಸಿದ್ದೆ.”

ನನಗೆ ಕಾಲ ಕೆಳಗಿನ ಗಟ್ಟಿ ನೆಲವೇ ಕುಸಿದಂತಾಯಿತು. ಆ ಮಾತಿಗೆ ಹೆದರಿ ಮಗನ ಮದುವೆಯಲ್ಲೇ ನಾನು ಹೋಳಿಗೆ ಮುಟ್ಟಿರಲಿಲ್ಲ. ಅಂದಿನಿಂದ ತುಪ್ಪ ಬಿಟ್ಟೆ. ಮೊಮ್ಮಗಳ ತೊಟ್ಟಿಲ ಶಾಸ್ತ್ರದ ದಿನವೂ ಒಣ ರೊಟ್ಟಿ ತಿಂದೆ. ಪಂಕ್ತಿಯಲ್ಲಿ ಪಕ್ಕದವರ ಎಲೆ ನೋಡುತ್ತ ಕೂತ ಊಟಗಳೆಲ್ಲ ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ಮಗಳು ಫೋನ್ ಎತ್ತಿದಳು. ಸ್ಪೀಕರ್ ಒತ್ತಿ ಎಲ್ಲ ಒದರಿದೆ. ಅವಳು ಕೇಳಿದಳು: “ಕಾಕಾ, ಎಲ್ಲೀತನ ಮುಳುಗ್ಯಾರ?”

“ಮೊಳಕಾಲ ತನಕ.”

“ಇನ್ನೂ ಇಳೀಲಾಕತ್ತಾರೇನ್ರಿ?”

ನಾನು ನೋಡಿದೆ. ಮಾಸ್ಟರೂ ಬಗ್ಗಿ ನೋಡಿಕೊಂಡರು. ಆ ಕಥೆಯೆಲ್ಲ ಹೇಳಿ ಮುಗಿಸಿದರೂ ಅವರು ಒಂದು ಬೆರಳು ಕೆಳಗೆ ಹೋಗಿರಲಿಲ್ಲ. “ಇಲ್ಲವಾ… ನಿಂತಾರ.”

“ಅಬ್ಬಾ, ನಾ ಕೊಡಿಸಿದ ಹೊಸ ಬೂಟು ಹಾಕೀರಿ ಹೌದಲ್ಲ? ಅವು ಹೋದ್ರ ಹೋಗ್ಲಿ. ಬೂಟು ಬಿಟ್ಟು ಬರೀ ಕಾಲು ಎಳ್ಕೋರಿ.”

ಮಾಸ್ಟರ್ ಮನಸ್ಸಿಲ್ಲದ ಮನಸ್ಸಿನಿಂದ ಬೂಟಿನೊಳಗಿಂದ ಒಂದು ಕಾಲು ಬಿಡಿಸಿದರು. ‘ಪಚಕ್’ ಎಂದು ಬಂತು. ಇನ್ನೊಂದೂ ಬಂತು. ನಾನು ರಟ್ಟೆ ಹಿಡಿದು ಏರಿಯ ಮೇಲೆ ಎಳೆದುಕೊಂಡೆ. ಮೊದಲು ಅವರ ಎದೆಯ ಮೇಲೆ ಕೈಯಿಟ್ಟು ನೋಡಿದೆ. ಜೋರಾಗಿ, ಆದರೆ ಸರಿಯಾಗಿ ಹೊಡೆದುಕೊಳ್ಳುತ್ತಿತ್ತು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತು ನೀರು ಕುಡಿದೆವು. ನನ್ನ ಕಣ್ಣಲ್ಲಿ ನೀರಾಡುತ್ತಿತ್ತು, ಅವರ ಕಣ್ಣಲ್ಲೂ.

ಉಸಿರು ತಹಬಂದಿಗೆ ಬಂದ ಮೇಲೆ ನಾನು ಮೆಲ್ಲಗೆ ಕೇಳಿದೆ: “ಮಾಸ್ಟರ್, ಆ ಸಫಾರಿ ಮಾತು…”

ಮಾಸ್ಟರ್ ಕಾಲಿನ ಕೆಸರು ಕೆರೆಯುತ್ತ ಗಂಭೀರವಾಗಿ ಹೇಳಿದರು: “ಅದು ಸಾಯೋ ಮನುಷ್ಯಾ ಹೇಳಿದ ಮಾತು ರೀ, ಕಂಡಕ್ಟರ್ ಸಾಬ್. ಅಂವ ಸಾಯ್ಲಿಲ್ಲ. ಹೊಟ್ಟಿ ನಿಮ್ದೇ.”